ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

2024ರ ಮಾರ್ಚ್ 26, ಮಂಗಳವಾರ. ಹೋಳಿಯ ಮಾರನೆಯ ದಿನ. ಸಂಜೆ ಕಾಫಿ ಕುಡಿದು ಜಗಲಿಯ ಮೇಲೆ ಕೂತಿದ್ದೆ. ಮೊಮ್ಮಗ ಅವರಮ್ಮನ ಫೋನು ಹಿಡಿದು ಓಡಿ ಬಂದ. "ತಾತ, ಇದನ್ನ ನೋಡಿ!" ಎಂದ.

ಕತ್ತಲೆಯಲ್ಲಿ ಸಾಲುದೀಪ ಹೊತ್ತ ಒಂದು ಉದ್ದನೆಯ ಸೇತುವೆ. ಅದರ ಕಡೆಗೆ ನಿಧಾನವಾಗಿ ಬರುತ್ತಿರುವ ದೊಡ್ಡದೊಂದು ಹಡಗು. ಹಡಗಿನ ದೀಪಗಳು ಒಮ್ಮೆ ಆರಿದವು, ಹತ್ತಿದವು, ಮತ್ತೆ ಆರಿದವು. ಹಡಗು ಹೋಗಿ ಕಂಬಕ್ಕೆ ತಾಗಿತು. ನೋಡನೋಡುತ್ತಿದ್ದಂತೆಯೇ ಸೇತುವೆ ಬೆಂಕಿಕಡ್ಡಿಯಲ್ಲಿ ಕಟ್ಟಿದ ಆಟಿಕೆಯ ಹಾಗೆ ಮಡಚಿಕೊಂಡು ನೀರಿಗೆ ಬಿತ್ತು.

"ಹಡಗಿನಲ್ಲಿದ್ದವರು ನಮ್ಮ ಇಂಡಿಯಾದವರಂತೆ ತಾತ" ಎಂದ ಅವನು.

ನನ್ನ ಬಾಯಿಂದ ತಕ್ಷಣ ಬಂದ ಮಾತು ಇದು: "ಕುಡಿದಿದ್ದರೋ ನಿದ್ದೆ ಮಾಡುತ್ತಿದ್ದರೋ, ಅಂತೂ ದೇಶದ ಮಾನ ಕಳೆದರು!"

ಹುಡುಗ ನನ್ನ ಮುಖವನ್ನೇ ನೋಡಿದ. "ನಿಮಗೆ ಹೇಗೆ ಗೊತ್ತು ತಾತ?"

ನನಗೆ ಗೊತ್ತಿರಲಿಲ್ಲ. ಆದರೆ ಹಾಗಂತ ಒಪ್ಪಿಕೊಳ್ಳಲೂ ಇಲ್ಲ. "ನಿಂಗೆ ಗೊತ್ತಾಗಲ್ಲ, ಹೋಗು, ಪುಸ್ತಕ ತೆಗಿ" ಎಂದು ಗದರಿಸಿ ಕಳಿಸಿದೆ. ಈ ಲೇಖನ ಬರೆಯಲು ಕಾರಣ ಆ ಗದರಿಕೆಯೇ.

ಆ ರಾತ್ರಿ ನಡೆದದ್ದು

ಅದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಎಂಬ ಬಂದರು ನಗರ. ಸೇತುವೆಯ ಹೆಸರು ಫ್ರಾನ್ಸಿಸ್ ಸ್ಕಾಟ್ ಕೀ. ಅಮೆರಿಕದ ರಾಷ್ಟ್ರಗೀತೆಯನ್ನು ಬರೆದ ಕವಿಯ ಹೆಸರು ಅದು. 1977ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆಯ ಉದ್ದ ಸುಮಾರು ಎರಡೂವರೆ ಕಿಲೋಮೀಟರ್. ದಿನಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ವಾಹನಗಳು ಓಡಾಡುತ್ತಿದ್ದವು.

ಹಡಗಿನ ಹೆಸರು ಡಾಲಿ. ಉದ್ದ 300 ಮೀಟರ್. ನಮ್ಮ ಶಾಲೆಗಳ ನೂರು ಮೀಟರ್ ಓಟದ ಪಥವನ್ನು ಮೂರು ಸಲ ಒಂದರ ಮುಂದೊಂದು ಇಟ್ಟಷ್ಟು. ಅದರ ಮೇಲೆ ನಾಲ್ಕು ಸಾವಿರಕ್ಕೂ ಹೆಚ್ಚು ಕಂಟೇನರ್ ಪೆಟ್ಟಿಗೆಗಳು. ಎಲ್ಲ ಸೇರಿ ಒಂದು ಲಕ್ಷ ಟನ್ನಿಗೂ ಮೀರಿದ ತೂಕ. ಹೊರಟಿದ್ದು ಶ್ರೀಲಂಕಾದ ಕೊಲಂಬೊಗೆ. ಸಿಬ್ಬಂದಿ 21 ಮಂದಿ. ಅವರಲ್ಲಿ 20 ಜನ ಭಾರತೀಯರು, ಒಬ್ಬರು ಶ್ರೀಲಂಕಾದವರು.

ಅಲ್ಲಿ ನಡುರಾತ್ರಿ ಕಳೆದು ಒಂದು ಗಂಟೆ ಇಪ್ಪತ್ತೈದು ನಿಮಿಷದ ಹೊತ್ತಿಗೆ, ಸೇತುವೆ ಇನ್ನೂ ಒಂದು ಕಿಲೋಮೀಟರ್ ದೂರವಿರುವಾಗ, ಹಡಗಿನ ಕರೆಂಟು ಹೋಯಿತು. ಕರೆಂಟು ಹೋದರೆ ದೀಪ ಮಾತ್ರ ಹೋಗುವುದಿಲ್ಲ. ಎಂಜಿನ್ನು ನಿಲ್ಲುತ್ತದೆ, ಚುಕ್ಕಾಣಿ ಮಾತು ಕೇಳುವುದಿಲ್ಲ. ಸಿಬ್ಬಂದಿ ಒಂದೇ ನಿಮಿಷದಲ್ಲಿ ಕರೆಂಟು ತಂದರು. ಅದು ಮತ್ತೆ ಹೋಯಿತು. ಲಂಗರು ಬಿಟ್ಟರು. ಅಷ್ಟು ತೂಕದ ಹಡಗು ಲಂಗರಿಗೆ ಅಷ್ಟು ಬೇಗ ನಿಲ್ಲುವುದುಂಟೇ? ಒಂದು ಗಂಟೆ ಇಪ್ಪತ್ತೊಂಬತ್ತು ನಿಮಿಷಕ್ಕೆ ಅದು ಕಂಬಕ್ಕೆ ಬಡಿಯಿತು. ಬಡಿದಾಗ ಅದರ ವೇಗ ಗಂಟೆಗೆ ಸುಮಾರು ಹನ್ನೆರಡು ಕಿಲೋಮೀಟರ್. ನೀವು ಶಾಲೆಗೆ ಸೈಕಲ್ ತುಳಿಯುವ ವೇಗ ಅಷ್ಟೇ! ಆದರೆ ತೂಕ ಹೆಚ್ಚಾದಾಗ ನಿಧಾನವೂ ಭಯಂಕರವೇ. ನಮ್ಮಲ್ಲಿ ಆಗ ಬೆಳಗಿನ ಹನ್ನೊಂದು ಗಂಟೆ.

ಹಡಗಿನಿಂದ ಅಪಾಯದ ಕರೆ ಮೊದಲೇ ಹೋಗಿತ್ತು. ಅದನ್ನು ಕೇಳಿದ ಪೊಲೀಸರು ಸೇತುವೆಯ ಎರಡೂ ತುದಿಗಳಲ್ಲಿ ವಾಹನಗಳನ್ನು ತಡೆದರು. ಸಿಕ್ಕಿದ್ದು ಒಂದೂವರೆ ನಿಮಿಷದಷ್ಟು ಸಮಯ. ಅಷ್ಟರಲ್ಲೇ ಎಷ್ಟು ಜೀವಗಳು ಉಳಿದವೋ ಲೆಕ್ಕ ಹಾಕಿದವರಿಲ್ಲ.

ಆದರೆ ಸೇತುವೆಯ ಮೇಲೆ ಎಂಟು ಜನ ಇದ್ದರು. ರಸ್ತೆಯ ಗುಂಡಿ ಮುಚ್ಚುವ ಕೆಲಸದವರು ಮತ್ತು ಅದನ್ನು ನೋಡಿಕೊಳ್ಳುವ ಒಬ್ಬರು. ಕೆಲಸಗಾರರು ಬಿಡುವಿನ ಹೊತ್ತಿನಲ್ಲಿ ತಮ್ಮ ಗಾಡಿಗಳಲ್ಲಿ ಕೂತಿದ್ದರು. ಇಬ್ಬರು ಬದುಕಿದರು. ಆರು ಜನ ನೀರುಪಾಲಾದರು. ಮೆಕ್ಸಿಕೊ, ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್ ದೇಶಗಳಿಂದ ಹೊಟ್ಟೆಪಾಡಿಗೆ ಹೋದವರು ಅವರು. ಕೊನೆಯವರ ದೇಹ ಸಿಕ್ಕಿದ್ದು ಮೇ ತಿಂಗಳಲ್ಲಿ.

ಜಗತ್ತು ಆಡಿದ ಮಾತು

ಬೆಳಕು ಹರಿಯುವ ಮೊದಲೇ ತೀರ್ಪುಗಳು ಬರತೊಡಗಿದವು. ಭಯೋತ್ಪಾದಕರ ಕೆಲಸ ಎಂದರು ಕೆಲವರು. ಕಂಪ್ಯೂಟರಿಗೆ ಕನ್ನ ಹಾಕಿ ಹಡಗನ್ನು ತಿರುಗಿಸಿದ್ದಾರೆ ಎಂದರು ಇನ್ನು ಕೆಲವರು. ಬೇಕೆಂದೇ ಮಾಡಿದ್ದಕ್ಕೆ ಯಾವ ಸುಳಿವೂ ಇಲ್ಲ ಎಂದು ಅಧಿಕಾರಿಗಳು ಅದೇ ದಿನ ಹೇಳಿದರು. ಕೇಳುವವರು ಯಾರು?

ಬಾಲ್ಟಿಮೋರ್ ನಗರದ ಮೇಯರ್ ಬ್ರಾಂಡನ್ ಸ್ಕಾಟ್ ಕಪ್ಪು ವರ್ಣದವರು. ಜನರ ಮತದಿಂದ ಗೆದ್ದು ಬಂದವರು. ಹಡಗಿಗೂ ಅವರಿಗೂ ಏನು ಸಂಬಂಧ? ಆದರೂ, ಇಂಥವರನ್ನು ಬಣ್ಣ ನೋಡಿ ಕುರ್ಚಿಯಲ್ಲಿ ಕೂರಿಸಿದ್ದಕ್ಕೇ ಹೀಗಾಯಿತು ಎಂದು ಹೀಗಳೆದವರಿದ್ದರು.

ನಮ್ಮವರಿಗೆ ಬಂದ ಪಾಲು ಇನ್ನೂ ಕೆಟ್ಟದ್ದು. ಹಡಗಿನೊಳಗಿನ ಭಾರತೀಯರು ಅರೆಬೆತ್ತಲೆಯಾಗಿ, ಲಂಗೋಟಿಯಲ್ಲಿ ನಿಂತು ಬೊಬ್ಬೆ ಹಾಕುತ್ತಿರುವಂತೆ ಅಮೆರಿಕದ ಒಂದು ವ್ಯಂಗ್ಯಚಿತ್ರ ಬಂತು. ಅದನ್ನು ಲಕ್ಷಾಂತರ ಜನ ನೋಡಿದರು. ನಮ್ಮ ದೇಶದಲ್ಲಿ ಅದಕ್ಕೆ ಬಹಳ ಕೋಪ ಬಂತು. ನನಗೂ ಬಂತು. ಪಾರ್ಕಿನ ಬೆಂಚಿನಲ್ಲಿ ನಾವು ಪಿಂಚಣಿದಾರರು ಆ ಚಿತ್ರ ಬರೆದವನನ್ನು ಚೆನ್ನಾಗಿಯೇ ಬೈದೆವು.

ರಾತ್ರಿ ಮಲಗಿದಾಗ ಅನ್ನಿಸಿತು. ಆ ಚಿತ್ರಕಾರ ಬರೆದದ್ದಕ್ಕೂ, ನಾನು ಜಗಲಿಯ ಮೇಲೆ ಹೇಳಿದ್ದಕ್ಕೂ ವ್ಯತ್ಯಾಸವೇನು? ಅವನು ಬರೆದ, ನಾನು ಆಡಿದೆ. ಇಬ್ಬರಿಗೂ ಗೊತ್ತಿದ್ದದ್ದು ಅರ್ಧ ನಿಮಿಷದ ಒಂದು ವಿಡಿಯೋ.

ನಮಗೆ ಗೊತ್ತಿಲ್ಲದ ಒಂದು ಮುಖ್ಯ ಸಂಗತಿ ಇತ್ತು. ಆ ಹೊತ್ತಿನಲ್ಲಿ ಹಡಗಿಗೆ ದಾರಿ ತೋರಿಸುತ್ತಿದ್ದವರು ಆ ಊರಿನ ಇಬ್ಬರು ಅಮೆರಿಕನ್ ಪೈಲಟ್‌ಗಳು. ಪೈಲಟ್ ಎಂದರೆ ವಿಮಾನದಲ್ಲಿ ಮಾತ್ರ ಎಂದುಕೊಳ್ಳಬೇಡಿ ಮಕ್ಕಳೇ. ಬಂದರಿನ ಆಳ, ತಿರುವು, ಸೆಳವು ಬಲ್ಲ ಸ್ಥಳೀಯರು ಹಡಗನ್ನೇರಿ ಒಳಗೆ ತರುವುದು, ಹೊರಗೆ ಬಿಡುವುದು ಎಲ್ಲ ದೊಡ್ಡ ಬಂದರುಗಳ ಪದ್ಧತಿ. ನಮ್ಮ ಮಂಗಳೂರಿನ ಬಂದರಿನಲ್ಲೂ ಹಾಗೆಯೇ.

ಎಲ್ಲರೂ ಬೈದರು ಎಂದಲ್ಲ. ಅಪಾಯದ ಕರೆ ಕೊಟ್ಟು ಜೀವ ಉಳಿಸಿದ ಸಿಬ್ಬಂದಿಯನ್ನು ಅಮೆರಿಕದ ಅಧ್ಯಕ್ಷ ಬೈಡನ್, ಮೇರಿಲ್ಯಾಂಡ್ ಗವರ್ನರ್ ವೆಸ್ ಮೂರ್ ಇಬ್ಬರೂ ಮೆಚ್ಚಿ ಮಾತಾಡಿದರು. ಸತ್ತ ಕೆಲಸಗಾರರಿಗಾಗಿ ಊರಿನ ಜನ ಚರ್ಚುಗಳಲ್ಲಿ ಸೇರಿ ಮೇಣದ ಬತ್ತಿ ಹಚ್ಚಿದರು, ಅವರ ಮನೆಯವರಿಗೆ ಹಣ ಕೂಡಿಸಿದರು. ಸೇತುವೆ ಬಿದ್ದು ಬಂದರಿನ ದಾರಿ ಮುಚ್ಚಿಹೋಗಿತ್ತು. ಅಲ್ಲಿ ನೇರವಾಗಿ ಹದಿನೈದು ಸಾವಿರ ಜನರ ಅನ್ನ ಆ ಬಂದರಿನಿಂದ. ಹೊಟ್ಟೆಗೆ ಕಲ್ಲು ಬಿದ್ದರೂ ಪರರ ದುಃಖ ಮರೆಯದ ಜನ ಅಲ್ಲೂ ಇದ್ದರು.

ನಮ್ಮ ನಾವಿಕರಂತೂ ಹಡಗಿನಲ್ಲೇ ಉಳಿದರು. ಮೂತಿಯ ಮೇಲೆ ಸೇತುವೆಯ ಉಕ್ಕು ಹೊತ್ತುಕೊಂಡೇ ಹಡಗು ಎಂಟು ವಾರ ಅಲ್ಲಿ ನಿಂತಿತ್ತು. ತನಿಖೆಯವರು ಅವರ ಫೋನುಗಳನ್ನೂ ತೆಗೆದುಕೊಂಡರು. ಫೋನಿಲ್ಲದೆ ಮನೆಯವರ ದನಿ ಕೇಳುವುದು ಹೇಗೆ? ನಾವಿಕರ ನೆರವಿನ ಸಂಘಗಳವರು ತಿಂಡಿ, ಬೇರೆ ಫೋನು ತಂದುಕೊಟ್ಟರು. ಮೇ 13ರಂದು ಆ ಉಕ್ಕನ್ನು ಸಿಡಿಮದ್ದಿಟ್ಟು ಕತ್ತರಿಸಿದಾಗಲೂ ಅವರು ಹಡಗಿನೊಳಗೇ ಇದ್ದರು. ಮೇ 20ರಂದು ಹಡಗನ್ನು ಎಳೆದು ದಡಕ್ಕೆ ತಂದರು. ಕೆಲವರಿಗೆ ಮನೆಗೆ ಹೊರಡಲು ಅನುಮತಿ ಸಿಕ್ಕಿದ್ದು ಜೂನ್ ತಿಂಗಳಲ್ಲಿ.

ಒಂಬೈನೂರು ರೂಪಾಯಿ

ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಂಪ್ಯೂಟರ್ ಬರುವ ಮೊದಲಿನ ಮಾತು ಹೇಳುತ್ತೇನೆ. ಆಗ ನಾನು ಒಂದು ಸಣ್ಣ ಊರಿನ ಶಾಖೆಯಲ್ಲಿದ್ದೆ. ಡಿಸೆಂಬರ್ ಕೊನೆ. ಕೌಂಟರಿನಲ್ಲಿ ವಿಪರೀತ ಜನ. ಕ್ಯಾಷಿಯರ್ ಒಬ್ಬರೇ ನಿಭಾಯಿಸಲಾರದೆ, ಅವರು ಹಣ ಎಣಿಸಿ ಕೊಡುವುದು, ಪಕ್ಕದಲ್ಲಿ ಕೂತು ನಾನು ಪುಸ್ತಕ ಬರೆಯುವುದು ಎಂದಾಯಿತು.

ಸಂಜೆ ಲೆಕ್ಕ ಕೂಡಿದಾಗ ಒಂಬೈನೂರು ರೂಪಾಯಿ ಕಮ್ಮಿ. ಆ ಕಾಲಕ್ಕೆ ಅದು ಒಬ್ಬನ ಒಂದು ತಿಂಗಳ ಸಂಬಳದಷ್ಟು. ಮತ್ತೆ ಎಣಿಸಿದೆವು. ಮತ್ತೆ ಕಮ್ಮಿ. ವೋಚರುಗಳನ್ನು ಓದಿ ಗುರುತು ಹಾಕಿದೆವು. ರಾತ್ರಿ ಎಂಟಾಯಿತು. ಕಣ್ಣು ಕೂರುತ್ತಿತ್ತು.

ಶಾಖೆಯಲ್ಲಿ ಒಬ್ಬ ಅಟೆಂಡರ್ ಇದ್ದ. ವಯಸ್ಸು ಇಪ್ಪತ್ತೆರಡೋ ಇಪ್ಪತ್ಮೂರೋ. ತಿಜೋರಿಯಿಂದ ನೋಟಿನ ಕಟ್ಟು ತಂದುಕೊಡುವುದು ಅವನ ಕೆಲಸ. ಮುಂದಿನ ತಿಂಗಳು ಅವನ ತಂಗಿಯ ಮದುವೆ ಎಂದು ನಮಗೆಲ್ಲ ಗೊತ್ತಿತ್ತು. ನಾನು ಪಕ್ಕದವರ ಕಿವಿಯಲ್ಲಿ ಹೇಳಿದೆ: "ಮದುವೆ ಖರ್ಚು ಇದೆಯಲ್ಲ ಪಾಪ, ಅವನಿಗೆ."

ಅಷ್ಟೇ ಹೇಳಿದ್ದು. ಕಳ್ಳ ಎಂದು ಹೇಳಲಿಲ್ಲ. ಆದರೆ ಅರ್ಧ ಗಂಟೆಯಲ್ಲಿ ಎಲ್ಲರೂ ಅವನನ್ನು ನೋಡುವ ನೋಟ ಬದಲಾಯಿತು. ಹುಡುಗನಿಗೆ ಅದು ಗೊತ್ತಾಯಿತು. ಯಾರೂ ಕೇಳದೆ ತಾನಾಗಿಯೇ ಬಂದು, ಅಂಗಿಯ ಜೇಬು, ಪ್ಯಾಂಟಿನ ಜೇಬು ಎಲ್ಲವನ್ನೂ ಹೊರಗೆಳೆದು ತೋರಿಸಿದ. ಒಂದು ಬೀಡಿ ಕಟ್ಟು, ಬಸ್ಸಿನ ಚಿಲ್ಲರೆ ಬಿತ್ತು. ಅವನು ಮಾತಾಡಲಿಲ್ಲ, ನಾವೂ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಹಳೆಯ ಹೆಡ್ ಕ್ಲಾರ್ಕು ರಜೆ ಮುಗಿಸಿ ಬಂದರು. ವಿಷಯ ಕೇಳಿ ಕನ್ನಡಕ ಏರಿಸಿ, "ಒಂಬೈನೂರು ಒಂಬತ್ತರಿಂದ ಭಾಗವಾಗುತ್ತಲ್ಲಯ್ಯಾ! ಅಂಕಿ ಹಿಂದುಮುಂದಾಗಿರಬೇಕು, ಹುಡುಕಿ" ಎಂದರು. ಹತ್ತು ನಿಮಿಷದಲ್ಲಿ ಸಿಕ್ಕಿತು. ವೋಚರಿನಲ್ಲಿ 5,400 ಇದ್ದದ್ದು ಪುಸ್ತಕದಲ್ಲಿ 4,500 ಆಗಿತ್ತು. ಅಕ್ಷರ ನನ್ನದೇ.

ಮಕ್ಕಳೇ, ಇದನ್ನು ನೀವೂ ಮಾಡಿ ನೋಡಿ. ಯಾವುದೇ ಸಂಖ್ಯೆಯ ಎರಡು ಅಂಕಿಗಳನ್ನು ಅದಲು ಬದಲು ಮಾಡಿ ಕಳೆಯಿರಿ. 72ರಲ್ಲಿ 27 ಕಳೆದರೆ 45. 81ರಲ್ಲಿ 18 ಕಳೆದರೆ 63. ಉತ್ತರ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಲೆಕ್ಕದವರ ಹಳೆಯ ಉಪಾಯ ಇದು.

ನಾನು ಹೋಗಿ ಆ ಹುಡುಗನ ಹತ್ತಿರ ತಪ್ಪಾಯಿತು ಎಂದೆ. "ಹೋಗ್ಲಿ ಬಿಡಿ ಸಾರ್, ಲೆಕ್ಕ ಸಿಕ್ತಲ್ಲ" ಎಂದ. ಆದರೆ ಮುಂದೆ ಅವನು ಆ ಶಾಖೆಯಲ್ಲಿದ್ದಷ್ಟು ದಿನವೂ, ನೋಟಿನ ಕಟ್ಟು ತರುವಾಗ ಜೊತೆಗೆ ಇನ್ನೊಬ್ಬರು ಬರಲೇಬೇಕು ಎಂದು ಹಟ ಹಿಡಿಯುತ್ತಿದ್ದ.

ಇಪ್ಪತ್ತು ತಿಂಗಳ ಮೇಲೆ ಸಿಕ್ಕ ತಂತಿ

ಡಾಲಿ ಹಡಗಿನ ಲೆಕ್ಕ ಸಿಗಲು ಇಪ್ಪತ್ತು ತಿಂಗಳು ಬೇಕಾಯಿತು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2025ರ ನವೆಂಬರ್ 18ರಂದು ತನ್ನ ತೀರ್ಮಾನ ಹೇಳಿತು. ಕುಡಿತವಲ್ಲ, ನಿದ್ದೆಯಲ್ಲ, ಭಯೋತ್ಪಾದಕರಲ್ಲ. ಮೊದಲ ಸಲ ಕರೆಂಟು ಹೋದದ್ದು ಸಡಿಲವಾದ ಒಂದೇ ಒಂದು ತಂತಿಯಿಂದ.

ಯಾವ ತಂತಿ ಯಾವುದು ಎಂದು ಗೊತ್ತಾಗಲು ತುದಿಯ ಹತ್ತಿರ ಹೆಸರಿನ ಪಟ್ಟಿ ಸುತ್ತಿರುತ್ತಾರೆ. ನಿಮ್ಮ ನೋಟ್‌ಬುಕ್ಕಿನ ಲೇಬಲ್ ಇದ್ದ ಹಾಗೆ. ಆ ಒಂದು ತಂತಿಗೆ ಪಟ್ಟಿಯನ್ನು ಸರಿಯಾಗಿ ಹಾಕಿರಲಿಲ್ಲ. ಹೀಗಾಗಿ ತಂತಿ ತನ್ನ ತೂತಿನೊಳಗೆ ಪೂರ್ತಿ ಹೋಗಲಿಲ್ಲ. ಒಳಗಿನ ಸ್ಪ್ರಿಂಗು ಅದನ್ನು ಗಟ್ಟಿಯಾಗಿ ಹಿಡಿಯಲಿಲ್ಲ. ಎಷ್ಟೋ ಕಾಲ ಹಾಗೇ ಇದ್ದು, ಆ ರಾತ್ರಿ ಕೈಬಿಟ್ಟಿತು. ಹಡಗಿನ ಉದ್ದ ಹೆಚ್ಚುಕಮ್ಮಿ ಐಫೆಲ್ ಗೋಪುರದ ಎತ್ತರದಷ್ಟು. ಅದರಲ್ಲಿ ಸಾವಿರಾರು ತಂತಿ ಜೋಡಣೆಗಳು. ಅದನ್ನು ಹುಡುಕಿದ್ದು ಐಫೆಲ್ ಗೋಪುರದಲ್ಲಿ ಸಡಿಲವಾದ ಒಂದು ರಿವೆಟ್ಟು ಹುಡುಕಿದ ಹಾಗೆ ಎಂದರು ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೋಮೆಂಡಿ.

ಹಡಗಿನವರದು ಏನೂ ತಪ್ಪಿರಲಿಲ್ಲ ಎಂದೂ ಅಲ್ಲ. ಜನರೇಟರಿಗೆ ಎಣ್ಣೆ ಹಾಯಿಸಲು ಆ ಕೆಲಸಕ್ಕಲ್ಲದ ಪಂಪು ಬಳಸುತ್ತಿದ್ದರು. ಕರೆಂಟು ಹೋಗಿ ಬಂದಾಗ ಅದು ತಾನಾಗಿ ಚಾಲೂ ಆಗುವಂಥದ್ದಲ್ಲ. ಎರಡನೆಯ ಸಲ ಕರೆಂಟು ಹೋದದ್ದು ಅದರಿಂದ. ಹಡಗನ್ನು ನಡೆಸುವ ಕಂಪನಿಯ ಮೇಲ್ವಿಚಾರಣೆ ಸಾಲದು ಎಂದೂ ಮಂಡಳಿ ಹೇಳಿತು.

ಸೇತುವೆಯದೂ ಒಂದು ಕಥೆ ಇದೆ. 1980ರಲ್ಲಿ ಇದೇ ಸೇತುವೆಗೆ ಜಪಾನಿನ ಹಡಗೊಂದು ತಾಗಿತ್ತು. ಸಣ್ಣ ಹಡಗು, ಸೇತುವೆ ತಡೆದುಕೊಂಡಿತು. ಮುಂದಿನ ನಾಲ್ಕು ದಶಕಗಳಲ್ಲಿ ಹಡಗುಗಳು ಬೆಳೆದವು, ಕಂಬದ ಸುತ್ತಲಿನ ರಕ್ಷಣೆ ಬೆಳೆಯಲಿಲ್ಲ. ಲೆಕ್ಕ ಹಾಕಿ ನೋಡಿದ್ದರೆ, ಇಂಥ ಸೇತುವೆಗೆ ಇರಬಹುದಾದ ಅಪಾಯದ ಮಿತಿಗಿಂತ ಸುಮಾರು ಮೂವತ್ತು ಪಟ್ಟು ಹೆಚ್ಚು ಅಪಾಯ ಇದೆ ಎಂದು ಮೊದಲೇ ಗೊತ್ತಾಗುತ್ತಿತ್ತು. ಲೆಕ್ಕ ಹಾಕಿರಲಿಲ್ಲ. ಈಗ ಅಮೆರಿಕದ ಇನ್ನೂ 68 ಸೇತುವೆಗಳ ಲೆಕ್ಕ ಹಾಕಿ ಎಂದು ಮಂಡಳಿ ಹೇಳಿದೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ನಾಟಿದ್ದು ಇನ್ನೊಂದು ಮಾತು. ಪೊಲೀಸರಿಗೆ ಸುದ್ದಿ ಮುಟ್ಟಿತು. ಕೆಲಸಗಾರರಿಗೆ ಮುಟ್ಟಲಿಲ್ಲ. ಅವರಿಗೆ ನೇರವಾಗಿ ಹೇಳುವ ವ್ಯವಸ್ಥೆಯೇ ಇರಲಿಲ್ಲ. ವಾಹನ ತಡೆದ ಒಬ್ಬ ಪೊಲೀಸು, ಇನ್ನೊಬ್ಬರು ಬಂದ ಕೂಡಲೇ ಹೋಗಿ ಅವರನ್ನು ಕರೆತರುತ್ತೇನೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದ. ಅಷ್ಟರಲ್ಲಿ ಸೇತುವೆ ಬಿತ್ತು. ಪೊಲೀಸರಿಗೆ ತಿಳಿದಾಗಲೇ ಅವರಿಗೂ ತಿಳಿದಿದ್ದರೆ, ಗಾಡಿ ಓಡಿಸಿಕೊಂಡು ಬೀಳದ ಭಾಗಕ್ಕೆ ಬಂದುಬಿಡಬಹುದಿತ್ತು ಎಂದಿದೆ ಮಂಡಳಿ.

ಇಡೀ ಜಗತ್ತಿಗೆ ಅರ್ಧ ದಿನದಲ್ಲಿ ಆ ವಿಡಿಯೋ ತಲುಪಿತು. ಸೇತುವೆಯ ಮೇಲೆಯೇ ಇದ್ದ ಎಂಟು ಜನರಿಗೆ ಒಂದು ಮಾತು ತಲುಪಲಿಲ್ಲ.

ಹಿಂದೆಯೂ ನಡೆದಿದೆ

1975ರ ಜನವರಿಯಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್ ಊರಿನ ಟಾಸ್ಮನ್ ಸೇತುವೆಗೆ ಹಡಗು ಬಡಿದು ಹನ್ನೆರಡು ಜನ ಸತ್ತರು. ಊರು ನದಿಯ ಆಚೆ ಈಚೆ ಎರಡು ಹೋಳಾಯಿತು. ಸೇತುವೆ ಮತ್ತೆ ತೆರೆಯಲು ಎರಡೂಮುಕ್ಕಾಲು ವರ್ಷ ಹಿಡಿಯಿತು. ಅಷ್ಟು ದಿನವೂ ಜನ ದೋಣಿಗಳಲ್ಲಿ ಓಡಾಡಿದರು.

1980ರ ಮೇ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಸನ್‌ಶೈನ್ ಸ್ಕೈವೇ ಸೇತುವೆಗೆ ಹಡಗು ಬಡಿಯಿತು. ಒಂದು ಬಸ್ಸು ಸೇರಿ ಹಲವು ವಾಹನಗಳು ನೀರಿಗೆ ಬಿದ್ದು 35 ಜನ ಸತ್ತರು. ಇದ್ದಕ್ಕಿದ್ದಂತೆ ಎರಗಿದ ಮಳೆಗಾಳಿಯಲ್ಲಿ ಮುಂದಿನದೇನೂ ಕಾಣದ ಹೊತ್ತು ಅದು. ಜನ ಬೈದದ್ದು ಹಡಗಿನ ಪೈಲಟ್ಟನ್ನು. ಪೈಲಟ್‌ಗಳ ನಡತೆ ವಿಚಾರಿಸುವ ಆ ರಾಜ್ಯದ ಮಂಡಳಿ ಅವರನ್ನು ದೋಷಮುಕ್ತರೆಂದಿತು. ಆದರೆ ಆ ಸೇತುವೆಯ ಮಾತು ಬಂದಲ್ಲೆಲ್ಲ ಜನ ಅವರನ್ನೇ ನೆನೆದರು. ಅಲ್ಲಿ ಕಟ್ಟಿದ ಹೊಸ ಸೇತುವೆಯ ಕಂಬಗಳ ಸುತ್ತ, ಹಡಗು ಬಂದರೆ ಮೊದಲು ತಡೆಯಲು ನೀರಿನಲ್ಲಿ ಕಾಂಕ್ರೀಟಿನ ದಪ್ಪ ಕಾವಲು ದಿಂಡುಗಳನ್ನು ಹಾಕಿದ್ದಾರೆ. ಬಾಲ್ಟಿಮೋರಿನ ಹೊಸ ಸೇತುವೆಗೂ ಅಂಥ ರಕ್ಷಣೆ ಇರುತ್ತದೆ.

ಮೊಮ್ಮಗನ ಪ್ರಶ್ನೆ

ತಂತಿಯ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಮೊಮ್ಮಗನನ್ನು ಕರೆದು ಓದಿಸಿದೆ. ಈಗ ಅವನು ನನ್ನ ಭುಜದೆತ್ತರ ಬೆಳೆದಿದ್ದಾನೆ. "ಅವತ್ತು ನೀನು ಕೇಳಿದ್ದು ಸರಿ ಕಣೋ. ನನಗೆ ಗೊತ್ತಿರಲಿಲ್ಲ. ಗದರಿಸಿದ್ದು ತಪ್ಪು" ಎಂದೆ. ಎಪ್ಪತ್ತು ದಾಟಿದ ಮೇಲೆ ಮೊಮ್ಮಗನ ಮುಂದೆ ಹಾಗೆ ಹೇಳುವುದು ಸ್ವಲ್ಪ ಕಷ್ಟವೇ. ಹೇಳಿದ ಮೇಲೆ ಹಗುರಾಯಿತು.

ಅವನು ಓದಿ ಮುಗಿಸಿ ಕೇಳಿದ: "ಹಾಗಾದ್ರೆ ಆ ಲೇಬಲ್ ಸರಿಯಾಗಿ ಹಾಕದೇ ಇದ್ದವನು ಯಾರು ತಾತ? ಅವನದೇ ತಪ್ಪು ಅಲ್ವಾ?"

ನನಗೆ ನಗು ಬಂತು, ಬೇಸರವೂ ಆಯಿತು. ಇಷ್ಟೆಲ್ಲ ಓದಿದ ಮೇಲೂ ನಮಗೆ ಬೇಕಾದದ್ದು ಬೈಯಲು ಒಬ್ಬ ಮನುಷ್ಯ.

"ಅವನಿಗೂ ಗೊತ್ತಿರಲಿಕ್ಕಿಲ್ಲ ಮಗು. 4,500 ಬರೆದಾಗ ನನಗೆ ಗೊತ್ತಿತ್ತಾ?" ಎಂದೆ. ಬ್ಯಾಂಕಿನ ಕಥೆ ಅವನಿಗೆ ಹೇಳಿದ್ದು ಅವತ್ತೇ. ಸುಮ್ಮನೆ ಕೇಳಿಸಿಕೊಂಡ. ಕೊನೆಗೆ, "ಆ ಅಣ್ಣನ ತಂಗಿ ಮದುವೆಗೆ ನೀವು ಹೋಗಿದ್ರಾ ತಾತ?" ಎಂದ.

ಹೋಗಿರಲಿಲ್ಲ. ಅವನು ಕರೆದಿದ್ದ. ಆ ಮನೆಯ ಬಾಗಿಲಲ್ಲಿ ನಿಲ್ಲಲು ನನಗೆ ಮುಖವಿರಲಿಲ್ಲ.